ಹೊಸ ಮೀನು ತಂದ ದಿನ ಟ್ಯಾಂಕ್ ಮುಂದೆ ಕೂತ್ಕೊಳ್ಳಿ

ಊರು ಬದಲಾಗಿ ನೀರು ಬದಲಾದ್ರೆ ನಮಗೇ ಮೂಗು ಕಟ್ಕೊಳ್ಳುತ್ತೆ, ಗಂಟಲು ಹಿಡ್ಕೊಳ್ಳುತ್ತೆ, ಇನ್ನು ಹಗಲೂ ರಾತ್ರಿ ನೀರಲ್ಲೇ ಇರೋ ಮೀನಿಗೆ ಏನೂ ಆಗಲ್ಲ ಅಂದ್ಕೋತಾರಲ್ಲ ಜನ. ಪಕ್ಕದ್ಮನೆ ಹುಡುಗ ಮೊನ್ನೆ ಹತ್ತು ಗಪ್ಪಿ ತಂದು ಕವರ್‌ನ ಹದಿನೈದು ನಿಮಿಷ ಟ್ಯಾಂಕಲ್ಲಿ ತೇಲಿಬಿಟ್ಟು ಆಮೇಲೆ ಕತ್ತರಿಸಿ ನೀರ್ ಸಮೇತ ಸುರಿದುಬಿಟ್ಟ. ಮೂರನೇ ದಿನ ಬಂದು "ಅಜ್ಜಿ, ಅಂಗಡಿಯವ್ನು ಮೋಸ ಮಾಡ್ದ, ಆರು ಸತ್ತೋದ್ವು" ಅಂತ. ನಾನು ಕೇಳಿದ್ದು ಒಂದೇ ಮಾತು, ಅಂಗಡೀಲಿ ಬೋರ್‌ವೆಲ್ ನೀರಾ ಕಾವೇರಿ ನೀರಾ? ಅವನು ಕೇಳೇ ಇರ್ಲಿಲ್ಲ.

ತೇಲಿಬಿಡೋದು ತಪ್ಪಲ್ಲ, ಆದ್ರೆ ಅದರಿಂದ ಸರಿಹೋಗೋದು ಬಿಸಿ ತಣ್ಣಗೆ ಮಾತ್ರ. ನೀರಲ್ಲಿ ಕರಗಿರೋ ಲವಣ ಪ್ಲಾಸ್ಟಿಕ್ ದಾಟಿ ಬರಲ್ಲ ಅಲ್ವಾ. ಬೋರ್ ನೀರು ಗಡುಸು, ಸೋಪು ಹಾಕಿದ್ರೆ ನೊರೆ ಬರಲ್ಲ, ತೊಗರಿಬೇಳೆ ಎಷ್ಟು ಸೀಟಿ ಕೂಗಿದ್ರೂ ಬೇಯಲ್ಲ, ನಲ್ಲಿ ಮೇಲೆಲ್ಲ ಬಿಳೀ ಕಲೆ. ಕಾವೇರಿ ನೀರು ಮೆದು. ಗಡುಸು ನೀರಿಗೆ ಒಗ್ಗಿರೋ ಮೀನನ್ನ ಒಂದೇ ಏಟಿಗೆ ಮೆದು ನೀರಿಗೆ ಬಿಟ್ರೆ, ರಾತ್ರಿ ನೆನೆಹಾಕಿದ ಕಡ್ಲೆಕಾಳು ನೀರು ಕುಡಿದು ಉಬ್ಬುತ್ತಲ್ಲ, ಹಂಗೆ ಮೈಯೊಳಗೆ ನೀರು ನುಗ್ಗುತ್ತೆ. ಸಿಹಿನೀರಿನ ಮೀನು ಯಾವಾಗ್ಲೂ ಆ ನೀರನ್ನ ಹೊರಗೆ ಹಾಕ್ತಾನೇ ಇರುತ್ತೆ, ಆದ್ರೆ ಇದ್ದಕ್ಕಿದ್ದಂಗೆ ಜಾಸ್ತಿ ಆದ್ರೆ ಅದರ ಕಿಡ್ನಿ ಎಲ್ಲಿಂದ ತಡ್ಕೊಳ್ಳುತ್ತೆ. ಅವತ್ತೇ ಸಾಯಲ್ಲ, ಎರಡು ಮೂರು ದಿನ ಬಿಟ್ಟು ಸಾಯುತ್ತೆ, ಬೈಗುಳ ಅಂಗಡಿಯವನಿಗೆ.

ನನಗೂ ಇದು ಪೆಟ್ಟು ತಿಂದ ಮೇಲೇ ಗೊತ್ತಾಗಿದ್ದು ಬಿಡಿ. ಮೊಮ್ಮಗ ಆಸೆಪಟ್ಟು ತಂದು ಆರು ತಿಂಗಳಿಗೆ ಬೇಜಾರಾಗಿ ನನ್ನ ತಲೆಗೆ ಕಟ್ಟಿದ ಟ್ಯಾಂಕು, ಹಳೇ ಮನೇಲಿ ಬೋರ್ ನೀರಲ್ಲಿ ಮಾಲಿ ಮೀನುಗಳು ಮರಿ ಮೇಲೆ ಮರಿ ಹಾಕ್ಕೊಂಡು ಸುಖವಾಗಿದ್ವು. ಮಗನ ಮನೆಗೆ ಬಂದಾಗ ಸಾಮಾನು ಇಳಿಸೋ ಗಡಿಬಿಡೀಲಿ ನಲ್ಲಿ ನೀರು ತುಂಬಿಸಿ ಬಿಟ್ಟುಬಿಟ್ಟೆ. ಬಾಲ ಮಡಿಸ್ಕೊಂಡು ನಿಂತಲ್ಲೇ ಅಲ್ಲಾಡ್ತಿದ್ವು, ಚಳಿ ಜ್ವರ ಬಂದವರ ಥರ. ವಾರದಲ್ಲಿ ಎರಡು ಉಳಿದ್ವು. ಆಮೇಲೆ ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ತೋರಿಸೋ ಒಂದು ಟಿಡಿಎಸ್ ಮೀಟರ್ ತರಿಸಿ ಹಳೇ ಮನೆ ನೀರನ್ನ ಬಾಟ್ಲಲ್ಲಿ ತಂದು ನೋಡಿದ್ರೆ ಅದು 900 ದಾಟಿತ್ತು, ಇಲ್ಲೀದು 200 ಕೂಡ ಇಲ್ಲ. ಅದೂ ಅಲ್ಲದೆ ಕಾವೇರಿ ನೀರಿಗೆ ಬೆಂಗಳೂರಿಗೆ ಬಿಡೋ ಮುಂಚೆ ತೊರೆಕಾಡನಹಳ್ಳೀಲಿ ಶುದ್ಧ ಮಾಡೋವಾಗ ಕ್ಲೋರಿನ್ ಹಾಕಿರ್ತಾರೆ, ಅದು ಕಿವಿರನ್ನ ಸುಡುತ್ತೆ. ಹಿಂದಿನ ದಿನಾನೇ ಹಿಡಿದು ಬಾಯಿ ತೆರೆದ ಬಕೆಟ್ಟಲ್ಲಿ ಇಡಿ, ಇಲ್ಲಾ ಅಂಗಡೀಲಿ ಸಿಗೋ ಆಂಟಿ ಕ್ಲೋರಿನ್ ಹಾಕಿ. ಟ್ಯಾಂಕರ್ ನೀರಾದ್ರೆ ಪ್ರತಿ ಸಲ ಮೀಟರ್ ಅದ್ದಿ ನೋಡಿ, ಇವತ್ತಿನ ಲೋಡು ಎಲ್ಲೀದೋ ನಾಳೇದು ಎಲ್ಲೀದೋ.

ಈಗ ನಾನು ಮಾಡೋದು ಹೇಳ್ತೀನಿ. ಟ್ಯಾಂಕಿನ ಲೈಟ್ ಆರಿಸಿ ಕವರ್ ಕಾಲು ಗಂಟೆ ತೇಲಿಬಿಡೋದು, ಆಮೇಲೆ ಮೀನನ್ನ ಅದರ ನೀರ್ ಸಮೇತ ಒಂದು ಸಣ್ಣ ಬಕೆಟ್ಟಿಗೆ ಹಾಕೋದು, ಆ ಬಕೆಟ್ ಜನ್ಮದಲ್ಲಿ ಸರ್ಫ್ ಕಂಡಿರಬಾರ್ದು. ಬಕೆಟ್ ನೆಲದ ಮೇಲೆ. ಟ್ಯಾಂಕಿಂದ ಏರ್ ಪೈಪ್, ಅಂದ್ರೆ ಗಾಳಿ ಪಂಪಿಗೆ ಹಾಕೋ ಸಣ್ಣ ಪೈಪು, ಇಳಿಬಿಟ್ಟು, ನೀರು ಎಳೆದ ಮೇಲೆ ಪೈಪಿಗೆ ಒಂದು ಗಂಟು ಹಾಕಿ ಬಿಗಿ ಮಾಡ್ತಾ ಹೋಗಿ, ಸೆಕೆಂಡಿಗೆ ಎರಡು ಮೂರು ಹನಿ ಬೀಳೋ ಹಂಗೆ. ಕವರಲ್ಲಿ ಅರ್ಧ ಲೀಟರ್ ಇದ್ರೆ ಹೆಚ್ಚು ಕಮ್ಮಿ ಒಂದು ಗಂಟೇಲಿ ಒಂದು ಲೀಟರ್ ಆಗುತ್ತೆ. ನೀರು ಬಹಳ ಬೇರೆ ಇದ್ರೆ ಅರ್ಧ ಚೆಲ್ಲಿ ಇನ್ನೊಂದು ಗಂಟೆ ಬಿಡಿ. ಪೈಪ್ ಇಲ್ವಾ, ಕಾಫಿ ಲೋಟದಲ್ಲಿ ಐದು ನಿಮಿಷಕ್ಕೊಂದ್ಸಲ ಕಾಲು ಲೋಟ ಹಾಕ್ತಾ ಕೂತ್ಕೊಳ್ಳಿ, ನಾನು ಅವರೆಕಾಳು ಬಿಡಿಸ್ತಾ ಕೂರ್ತೀನಿ. ಕೊನೆಗೆ ಮೀನನ್ನ ಮಾತ್ರ ಬಲೇಲಿ ಎತ್ತಿ ಬಿಡೋದು, ಅಂಗಡಿ ನೀರು ಒಂದು ಹನೀನೂ ಟ್ಯಾಂಕಿಗೆ ಬೇಡ, ಅದರಲ್ಲಿ ಯಾವ ರೋಗ ಇರುತ್ತೋ. ನಾನು ಕ್ರೋಟನ್ ಕುಂಡಕ್ಕೆ ಹಾಕ್ತೀನಿ. ಅವತ್ತು ಊಟ ಹಾಕ್ಬೇಡಿ.

ಆನ್‌ಲೈನಲ್ಲಿ ತರಿಸಿ ಒಂದು ಎರಡು ದಿನ ಕವರಲ್ಲೇ ಇದ್ದು ಬಂದ ಮೀನಿಗೆ ಮಾತ್ರ ಈ ಹನಿ ಲೆಕ್ಕ ಬೇಡ. ಕವರಲ್ಲಿ ಅದರ ಉಸಿರಿಂದಾನೇ ನೀರು ಹುಳಿಯಾಗಿರುತ್ತೆ, ಆ ಹುಳಿ ಇರೋವರೆಗೂ ಅದರ ಗಲೀಜಿಂದ ಬಂದ ಅಮೋನಿಯಾ ಅಷ್ಟು ವಿಷ ಅಲ್ಲ. ಬಾಯಿ ಬಿಚ್ಚಿದ ತಕ್ಷಣ ಕಾರ್ಬನ್ ಡೈಆಕ್ಸೈಡ್ ಹೊರಟೋಗಿ ಹುಳಿ ಇಳಿಯುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಅದರಲ್ಲಿ ಮೀನನ್ನ ಎರಡು ಗಂಟೆ ಕೂರಿಸಿದ್ರೆ ನಾವೇ ಕೊಂದಂಗೆ. ಕಳಿಸೋ ಮುಂಚೆ ಅವರ ನೀರಿನ ಟಿಡಿಎಸ್ ಎಷ್ಟು ಅಂತ ಫೋನ್ ಮಾಡಿ ಕೇಳ್ಕೊಂಡು, ಬೇರೆ ಟಬ್ಬಲ್ಲಿ ಅದಕ್ಕೆ ಹತ್ತಿರದ ನೀರು ರೆಡಿ ಇಟ್ಕೊಂಡು, ಕವರ್ ಬಿಚ್ಚದೇ ಬಿಸಿ ತಣ್ಣಗೆ ಸಮ ಮಾಡಿ, ಬಿಚ್ಚಿದ ಕೂಡ್ಲೇ ಎತ್ತಿ ಅದಕ್ಕೆ ಬಿಡಿ. ಆ ಟಬ್ಬಲ್ಲೇ ಎರಡು ವಾರ ಇರ್ಲಿ, ದಿನಾ ಒಂದು ಚೊಂಬು ನೀರು ತೆಗೆದು ನಿಮ್ಮ ಟ್ಯಾಂಕಿನದು ಒಂದು ಚೊಂಬು ಹಾಕ್ತಾ ಬನ್ನಿ. ಮೈಮೇಲೆ ರವೆ ಉದುರಿಸಿದ ಹಂಗೆ ಬಿಳೀ ಚುಕ್ಕೆ ಕಂಡ್ರೆ ಅಲ್ಲೇ ಔಷಧಿ ಮಾಡ್ಬೋದು, ಹಳೇ ಮೀನಿಗೆ ಅಂಟಲ್ಲ.

ಹುಡುಗನ ಉಳಿದ ನಾಲ್ಕು ಗಪ್ಪಿ ಈಗ ನನ್ನ ಟಬ್ಬಲ್ಲಿವೆ, ಬಾಲ ಬಿಚ್ಚಿವೆ, ಒಂದರ ಹೊಟ್ಟೆ ನೋಡಿದ್ರೆ ಈ ವಾರ ಮರಿ ಹಾಕೋ ಹಂಗಿದೆ.