ಹೆಸರುಕಾಳನ್ನೂ ಲೆಕ್ಕಕ್ಕೆ ಸೇರಿಸಿದೆವು

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಘದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸರ್ಕಾರದ ಮೇಲೆ ಒತ್ತಡ ಹಾಕೋದು ಅಂದರೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ, ಮೈಕು, ಮನವಿಪತ್ರ ಅಂತಲೇ ತಿಳಿದಿದ್ದೆ. ಬೀದಿಗೆ ಶಕ್ತಿ ಇದೆ, ಅದು ನಿಜ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಹತ್ತಿರ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದುಬಿಟ್ಟರು. ಮರುದಿನವೇ ನಿಯಮ ವಾಪಸಾಯಿತು.

ಸಂಬಳ ಮಾತ್ರ ಹಾಗೆ ಏರಲ್ಲ. ಅದಕ್ಕೆ ಕಡತದ ದಾರಿಯೇ ಬೇರೆ.

ಆಗ 1948ರ ಕನಿಷ್ಠ ವೇತನ ಕಾಯ್ದೆ ಇತ್ತು. ಐದು ವರ್ಷಕ್ಕೆ ಒಮ್ಮೆಯಾದರೂ ದರ ಪರಿಷ್ಕರಿಸಬೇಕು. ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸಿದರೆ, ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಸಮಯ. ಆಮೇಲೆ ಅದು ಸಲಹಾ ಮಂಡಳಿಯ ಮುಂದೆ ಹೋಗಬೇಕು. ಅದರಲ್ಲಿ ಮಾಲೀಕರು, ಕಾರ್ಮಿಕರು ಸಮ ಸಂಖ್ಯೆಯಲ್ಲಿ ಇರುತ್ತಾರೆ, ಜೊತೆಗೆ ಸ್ವತಂತ್ರ ಸದಸ್ಯರು. ಆ ಎರಡು ತಿಂಗಳಲ್ಲಿ ಏನು ಬರೆದು ಕೊಡುತ್ತೇವೋ ಅದರ ಮೇಲೆಯೇ ಮುಂದಿನ ಮಾತೆಲ್ಲ.

ಮೊದಲ ಸಲ ನಾವು ಒಂದೇ ಪತ್ರಕ್ಕೆ ನೂರಾರು ಸಹಿ ಹಾಕಿಸಿಕೊಂಡು ಹೋದೆವು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅದನ್ನು ಒಂದೇ ಆಕ್ಷೇಪಣೆ ಅಂತ ತೆಗೆದುಕೊಂಡರು. ನಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಬೇಕು ಅನ್ನೋದೂ ಗೊತ್ತಿರಲಿಲ್ಲ. ಎಷ್ಟೋ ಸಂಜೆಗಳ ಓಡಾಟ ಒಂದು ಹಾಳೆಯಾಗಿ ಹೋಯಿತು. ಆ ನೋವು ಇನ್ನೂ ಇದೆ.

ಮುಂದಿನ ಸಲ ದಾರಿ ಬದಲಿಸಿದೆವು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕೂಲಿಗೆ ಒಂದು ಲೆಕ್ಕ ಕೊಟ್ಟಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಸೇರಿ ಮೂರು ಪಾಲು ಊಟ. ಒಂದು ಪಾಲು ಅಂದರೆ ದುಡಿಯುವ ಒಬ್ಬ ದೊಡ್ಡವರ ಊಟ, ದಿನಕ್ಕೆ 2,700 ಕ್ಯಾಲೊರಿ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆ ಒಟ್ಟು ಕೂಲಿಯ 20 ಶೇಕಡಾ. ಮುಂದೆ ರಪ್ಟಕೋಸ್ ಬ್ರೆಟ್ ಅನ್ನೋ ಕಂಪನಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಆಸ್ಪತ್ರೆ ಇವಕ್ಕೆಲ್ಲ ಇನ್ನೂ 25 ಶೇಕಡಾ ಸೇರಬೇಕು ಅಂದಿತು. ನಾವು ಈ ಲೆಕ್ಕವನ್ನೇ ನಮ್ಮ ಬೀದಿಯ ದರದಲ್ಲಿ ಹಾಕಿ ತೋರಿಸಬೇಕು ಅಂತ ತೀರ್ಮಾನಿಸಿದೆವು.

ಒಂದು ಭಾನುವಾರ ಪೀಣ್ಯದ ಒಂದು ವಠಾರದಲ್ಲಿ ಏಳೆಂಟು ಜನ ಕೂತೆವು. ಮಧ್ಯದಲ್ಲಿ ಅಂಗಡಿ ಚೀಟಿಗಳ ರಾಶಿ. ನಾನು ಅಕ್ಕಿ, ರಾಗಿ, ಬೇಳೆ, ಕಾಳು ಅಂತ ಬರೆದುಕೊಳ್ಳುತ್ತಾ ಹೋದೆ. ಹೊಲಿಗೆ ಲೈನಿನಲ್ಲಿ ಹದಿನಾಲ್ಕು ವರ್ಷ ದುಡಿದ ಒಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. "ಅಕ್ಕಾ, ಹೆಸರುಕಾಳು, ಹಾಲು, ಹಣ್ಣು ಬರೀಬೇಡಿ. ನಾವು ತರೋದೇ ಇಲ್ಲ. ಸುಳ್ಳು ಬರೆದಂಗೆ ಆಗುತ್ತಲ್ವಾ?"

ಯಾರೂ ಮಾತಾಡಲಿಲ್ಲ. ಇಷ್ಟು ದಿನ ನಾವೂ ಅದನ್ನೇ ಮಾಡಿದ್ದೆವು. ಈಗಿನ ಖರ್ಚಿಗೆ ನೂರೋ ಇನ್ನೂರೋ ಜಾಸ್ತಿ ಕೇಳುತ್ತಿದ್ದೆವು. ಆದರೆ ಈಗಿನ ಖರ್ಚು ಅಂದರೆ ಕಡಿಮೆ ಕೂಲಿಗೆ ಹೊಂದಿಕೊಂಡ ಹೊಟ್ಟೆ. "ನೀವು ಏನು ತಿಂತೀರಿ ಅನ್ನೋದಲ್ಲ, ಏನು ತಿನ್ನಬೇಕು ಅನ್ನೋದು ಇದು" ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಮೊಟ್ಟೇನೂ ಬರ್ಕೊಳ್ಳಿ" ಅಂದರು.

ಆ ಪಟ್ಟಿ ಎರಡು ಪುಟವಾಯಿತು. ಒಂದೊಂದು ಮನೆಯವರೂ ತಮ್ಮದೇ ಲೆಕ್ಕದ ಬೇರೆ ಬೇರೆ ಪತ್ರ ಬರೆದರು. ಪ್ರತಿಯೊಂದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಬೆಳಿಗ್ಗೆ ಶಾಸಕರ ಮನೆ ಬಾಗಿಲಲ್ಲಿ ಕಾದು ಅದೇ ಎರಡು ಪುಟ ಕೊಟ್ಟು, ಸದನದಲ್ಲಿ ಪ್ರಶ್ನೆ ಕೇಳಿ ಅಂತ ಕೇಳಿಕೊಂಡೆವು. ಪ್ರಶ್ನೆ ಬಂದರೆ ಇಲಾಖೆ ಬರಹದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಮುಂದೆ ನಮಗೆ ಕೆಲಸಕ್ಕೆ ಬರುತ್ತೆ.

ಮಾಲೀಕರ ಕಡೆಯವರೂ ಸುಮ್ಮನೆ ಕೂರುವವರಲ್ಲ. ಅವರಿಗೆ ವಕೀಲರಿದ್ದಾರೆ, ಮಂತ್ರಿಗಳ ಭೇಟಿಗೆ ಸಲೀಸಾಗಿ ಸಮಯ ಸಿಗುತ್ತೆ. "ಕೂಲಿ ಏರಿಸಿದರೆ ಕಾರ್ಖಾನೆ ಪಕ್ಕದ ರಾಜ್ಯಕ್ಕೆ ಹೋಗುತ್ತೆ" ಅನ್ನೋ ಒಂದು ಮಾತಿಗೆ ಕಚೇರಿಗಳಲ್ಲಿ ಬಹಳ ತೂಕ. ಅದಕ್ಕೆ ಕೂಗಿ ಉತ್ತರ ಕೊಟ್ಟರೆ ಯಾರೂ ಕೇಳಲ್ಲ. ಮೊಟ್ಟೆಯ ದರ ಇಟ್ಟು ಮಾತಾಡಿದಾಗ ಎದುರಿದ್ದ ಅಧಿಕಾರಿ ಪೆನ್ನು ತೆಗೆದದ್ದನ್ನು ನಾನೇ ನೋಡಿದ್ದೇನೆ.

ಅಂತಿಮ ಅಧಿಸೂಚನೆಯಲ್ಲಿ ನಾವು ಕೇಳಿದಷ್ಟು ಬರಲಿಲ್ಲ. ಸ್ವಲ್ಪ ಏರಿತು. ಈಗ ಮೂರು ತಿಂಗಳಿಗೊಮ್ಮೆ ಅದೇ ಅಂಗಡಿಗಳಿಗೆ ಹೋಗಿ ದರ ಬರೆದುಕೊಂಡು ಬರುತ್ತೇವೆ. ದರ ಬರೆಯುವ ಪುಸ್ತಕ ಅವರ ಹತ್ತಿರವೇ ಇದೆ, ಮೊಟ್ಟೆ ಸೇರಿಸಿದವರ ಹತ್ತಿರ.