ಭಾಷಣಕ್ಕೆ ಮೊದಲು ಇಡ್ಲಿ, ಭಾಷಣದ ನಂತರ ಕಾಫಿ

ಮಂಡ್ಯದಲ್ಲಿ ಬೆಳಿಗ್ಗೆ ಏಳಕ್ಕೆ ಸಭೆ ಕರೆದರೆ ಡೇರಿಗೆ ಹಾಲು ಹಾಕುವವರನ್ನು ಬಿಟ್ಟು ಇನ್ಯಾರೂ ಬರುವುದಿಲ್ಲ ಎಂದು ನಮ್ಮ ರೋಟರಿ ಕ್ಲಬ್ಬಿನ ಹಿರಿಯರೊಬ್ಬರು ಎಲ್ಲರೆದುರೇ ಹೇಳಿದ್ದರು. ಕಳೆದ ಭಾನುವಾರ ಅವರೇ ಆರೂ ಮುಕ್ಕಾಲಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ರಾತ್ರಿ ಊಟದ ಸಭೆಯನ್ನು ಬೆಳಗಿನ ತಿಂಡಿಯ ಸಭೆಯಾಗಿ ಮಾಡಲು ಎರಡು ವರ್ಷ ಹಟ ಹಿಡಿದದ್ದು ಕೈಗೂಡಿದೆ. ಹೇಗೆ ಮಾಡಿದಿರಿ ಎಂದು ಅಕ್ಕಪಕ್ಕದ ಊರುಗಳ ಕ್ಲಬ್‌ಗಳವರೂ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ರಾತ್ರಿ ಸಭೆಯ ಪಾಡು ನಿಮಗೂ ಗೊತ್ತು. ಊಟಕ್ಕೆ ತಲೆಗೆ 400 ರೂಪಾಯಿಯ ಆಸುಪಾಸು, ಅತಿಥಿ ಮಾತು ಶುರು ಮಾಡುವಾಗ ಒಂಬತ್ತು ಗಂಟೆ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. 50 ಜನ ಸದಸ್ಯರಲ್ಲಿ 15 ಜನ ಸೇರಿದರೆ ಹೆಚ್ಚು. ತಿಂಗಳಿಗೆ ಎರಡು ಸಭೆ ಸಾಕು ಎಂದು ರೋಟರಿಯೇ 2016ರಲ್ಲಿ ನಿಯಮ ಸಡಿಲಿಸಿದ ಮೇಲೆ, ಸಭೆಯನ್ನು ಇನ್ನೂ ಕಡಿಮೆ ಮಾಡೋಣ ಎನ್ನುವವರೇ ಎಲ್ಲೆಡೆ ಹೆಚ್ಚಾದರು. ಎರಡೇ ಇರಲಿ, ಆದರೆ ಜನ ಕಾದು ಬರುವಂತಿರಲಿ ಎಂಬುದು ನನ್ನ ವಾದವಾಗಿತ್ತು.

ಬೆಳಗಿನ ಮೊದಲ ಸಭೆಯಲ್ಲೇ ಕೈ ಸುಟ್ಟಿತು. ಹೋಟೆಲಿನವರು 40 ತಟ್ಟೆಗೆ ಖಾತರಿ ಕೇಳಿದರು, ಒಪ್ಪಿದೆ. ತಟ್ಟೆಗೆ 160 ರೂಪಾಯಿ. ಬಂದವರು 17. ತಿನ್ನದ ತಿಂಡಿಗೆ ಮೂರೂವರೆ ಸಾವಿರಕ್ಕೂ ಮೇಲೆ ನನ್ನ ಜೇಬಿನಿಂದ ಹೋಯಿತು. ಎರಡನೆಯ ಸಲ ತಿಂಡಿ, ಕಾಫಿ ಎರಡನ್ನೂ ಮೊದಲೇ ಕೊಟ್ಟೆವು. ಅತಿಥಿ ಮೈಕ್ ಹಿಡಿಯುವಷ್ಟರಲ್ಲಿ ಎಂಟೊಂಬತ್ತು ಜನ ಬಾಯಿ ಒರೆಸಿಕೊಂಡು ಹೊರಟಿದ್ದರು. ಮೂರನೆಯ ಸಲ ಭಾಷಣ ಮುಗಿದ ಮೇಲೆಯೇ ತಿಂಡಿ ಎಂದು ಕಟ್ಟುನಿಟ್ಟು ಮಾಡಿದೆ. ಮೈಸೂರಿನಿಂದ ಬಂದ ನಿವೃತ್ತ ಅಧಿಕಾರಿಯೊಬ್ಬರು 55 ನಿಮಿಷ ಮಾತನಾಡಿದರು. ಇಡ್ಲಿ ತಣ್ಣಗಾಯಿತು. ಸಕ್ಕರೆ ಕಾಯಿಲೆಯ ಇಬ್ಬರು ಸದಸ್ಯರು ಹಸಿವು ತಾಳದೆ ಎದ್ದು ಹೋದರು. ಆ ದಿನ ನನಗೆ ನಿಜಕ್ಕೂ ಬೇಸರವಾಯಿತು, ಅದು ನನ್ನದೇ ತಪ್ಪು.

ಆಗ ಹೊಳೆದದ್ದು ತಿಂಡಿಯನ್ನೂ ಕಾಫಿಯನ್ನೂ ಬೇರೆ ಮಾಡುವ ಉಪಾಯ. ಏಳಕ್ಕೆ ಇಡ್ಲಿ ವಡೆ ಅಥವಾ ಖಾರಾಬಾತ್, ಏಳು ಇಪ್ಪತ್ತೈದಕ್ಕೆ ಸಭೆ ಶುರುವಿನ ಗಂಟೆ ಬಾರಿಸುವುದು, 20 ನಿಮಿಷ ಮಾತು, ಕಾಲು ಗಂಟೆ ಪ್ರಶ್ನೆ. ಕಾಫಿ ಆಮೇಲೆ. ನಮ್ಮ ಕಡೆಯವರು ತಿಂಡಿ ತಿಂದು ಕಾಫಿ ಕುಡಿಯದೆ ಎದ್ದು ಹೋಗುವವರಲ್ಲ. ಫ್ಲಾಸ್ಕಿನಲ್ಲಿ ತುಂಬಿಟ್ಟ ಕಾಫಿಯಿಂದ ಈ ಕೆಲಸ ಆಗುವುದಿಲ್ಲ. ಪ್ರಶ್ನೆಗಳು ಶುರುವಾದಾಗ ಸಭಾಂಗಣದ ಹಿಂದೆಯೇ ಹಾಲು ಉಕ್ಕಬೇಕು, ಡಿಕಾಕ್ಷನ್ ವಾಸನೆ ಮುಂದಿನ ಸಾಲಿಗೆ ಬರಬೇಕು. ಎಂಟೂವರೆಗೆ ಎಲ್ಲರೂ ಮನೆ ದಾರಿ ಹಿಡಿದಿರುತ್ತಾರೆ. ಅವತ್ತಿನಿಂದ ಇಂದಿನವರೆಗೆ ಮಧ್ಯದಲ್ಲಿ ಎದ್ದು ಹೋದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹೋಟೆಲು ಬಿಟ್ಟೆವು. ಮದುವೆ ಅಡುಗೆಯ ಭಟ್ಟರೊಬ್ಬರು ಶಾಲೆಯೊಂದರ ಸಭಾಂಗಣಕ್ಕೇ ಬಂದು ಮಾಡಿಕೊಡುತ್ತಾರೆ. ಎರಡೇ ಬಗೆ, ತಲೆಗೆ 70 ರೂಪಾಯಿ. ಅತಿಥಿಗೆ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಪ್ರತಿ ಸಲ ಸಾವಿರದ ಇನ್ನೂರರವರೆಗೆ ಖರ್ಚಾಗುತ್ತಿತ್ತು. ಈಗ ಎರಡು ಕೆಜಿ ಅಚ್ಚು ಬೆಲ್ಲ ಕೊಡುತ್ತೇವೆ. ಮಂಡ್ಯದಿಂದ ಬೆಲ್ಲ ಕೊಂಡೊಯ್ಯುವುದಕ್ಕಿಂತ ಮರ್ಯಾದೆ ಬೇರೆ ಇಲ್ಲ. ಉಳಿದ ಹಣದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಕೊಡಿಸಿದೆವು, ಹೋದ ವರ್ಷ ಸುಮಾರು 22 ಸಾವಿರದಷ್ಟು.

ಭಾಷಣಕಾರರ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹುದ್ದೆ ನೋಡಿ ಕರೆಯಬೇಡಿ, ಕಸುಬು ನೋಡಿ ಕರೆಯಿರಿ. ನಮ್ಮ ಅತ್ಯುತ್ತಮ ಸಭೆ, ನಾಲೆಯ ನೀರನ್ನು ಗದ್ದೆಗಳಿಗೆ ಬಿಡುವ ಒಬ್ಬ ನೀರುಗಂಟಿಯದು. ಕೆಆರ್‌ಎಸ್ 124.80 ಅಡಿ ತುಂಬಿತೆಂದು ಪತ್ರಿಕೆಯಲ್ಲಿ ಓದಿ ಸಂತೋಷಪಡುವ ನಾವು, ಆ ನೀರು ವಿಶ್ವೇಶ್ವರಯ್ಯ ನಾಲೆಯಿಂದ ತೂಬಿಗೆ, ತೂಬಿನಿಂದ ಕೊನೆಯ ಗದ್ದೆಗೆ ಹೇಗೆ ಮುಟ್ಟುತ್ತದೆಂದು ಕೇಳಿರಲೇ ಇಲ್ಲ. ‘ನನಗೆ ಭಾಷಣ ಬರುವುದಿಲ್ಲ ಸ್ವಾಮಿ’ ಎಂದರು ನೀರುಗಂಟಿ. ‘ಭಾಷಣ ಬೇಡಣ್ಣ, ನಾನು ಮೂರು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ’ ಎಂದೆ. ನಾಲೆಗೆ ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ನೀರಿನ ಸರದಿ, ರಾತ್ರಿ ಹೊತ್ತು ತೂಬು ಕಾಯುವುದು, ಕೊನೆ ಭಾಗದ ರೈತರ ಸಿಟ್ಟು, ಎಲ್ಲವನ್ನೂ ಹೇಳಿದರು. ಪ್ರಶ್ನೆಗಳು ನಿಲ್ಲದೆ ಕಾಫಿಯೇ ತಡವಾಯಿತು. ಅಂದಿನಿಂದ ಎಲ್ಲ ಅತಿಥಿಗಳಿಗೂ ಅದೇ ರೀತಿ ಮೂರು ಪ್ರಶ್ನೆ. ಎರಡನೆಯದು ‘ಈ ಕೆಲಸದಲ್ಲಿ ನಿಮಗೆ ಆದ ದೊಡ್ಡ ನಷ್ಟ ಯಾವುದು’, ಮೂರನೆಯದು ‘ನಮ್ಮಿಂದ ಏನಾಗಬೇಕು’. ಪ್ರತಿ ಸಲ ಬದಲಾಗುವ ಮೊದಲನೆಯದನ್ನು ನಮ್ಮ ಕಾರ್ಯದರ್ಶಿಗೂ ಮುಂಚಿತವಾಗಿ ಹೇಳುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಒಮ್ಮೆ ಆಲೆಮನೆಯವರನ್ನೂ ಮೈಸೂರಿನ ನಿವೃತ್ತ ಆಹಾರ ವಿಜ್ಞಾನಿಯೊಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಬೆಲ್ಲ ಬೆಳ್ಳಗಾಗಲು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕದ ಬಗ್ಗೆ ಮಾತು ಬಿಸಿಯೇರಿತು. ‘ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದು ನಮಗೂ ಗೊತ್ತು ಸಾರ್, ಕಪ್ಪು ಬೆಲ್ಲವನ್ನು ಕೊಳ್ಳುವವರು ಯಾರು’ ಎಂದು ಆಲೆಮನೆಯವರು ಕೇಳಿದರು. ಅಂದೇ ಹನ್ನೆರಡು ಮನೆಯವರು ಅವರಿಂದ ಕಂದು ಬೆಲ್ಲ ಕೊಳ್ಳಲು ಹೆಸರು ಬರೆಸಿದರು. ಅದೇ ಬೆಲ್ಲದಲ್ಲಿ ಕೇಸರಿಬಾತ್ ಮಾಡಿಸಿ ನೋಡಿದೆ. ರುಚಿ ಚೆನ್ನಾಗಿತ್ತು, ಬಣ್ಣ ನೋಡಿ ಮಕ್ಕಳು ಮುಟ್ಟಲಿಲ್ಲ.

1905ರಲ್ಲಿ ಶಿಕಾಗೋದಲ್ಲಿ ರೋಟರಿ ಕಟ್ಟಿದ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ರೋಟರಿ ಎಂಬ ಹೆಸರು ಬಂದದ್ದೇ ಆ ಸರದಿಯಿಂದ, ಇಂಗ್ಲಿಷಿನ ‘ರೊಟೇಷನ್’ನಿಂದ. ನಾವೂ ಹಾಗೆ ಮಾಡೋಣವೆಂದು ಸದಸ್ಯರೊಬ್ಬರ ಅಕ್ಕಿ ಗಿರಣಿಯಲ್ಲಿ ಸಭೆ ಇಟ್ಟೆ. ತೌಡಿನ ದೂಳಿಗೆ ಕೆಮ್ಮಿ ಕೆಮ್ಮಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದನ್ನು ಕೈಬಿಟ್ಟೆ.

ಇನ್ನೊಂದು ಮಾತು. ಅತಿಥಿ ಬಾರದ ದಿನಕ್ಕೆ ಒಬ್ಬ ಸದಸ್ಯರು ಸದಾ ಸಿದ್ಧರಿರಬೇಕು. ಒಮ್ಮೆ ಆರು ನಲವತ್ತಕ್ಕೆ ಅತಿಥಿಯ ಫೋನ್ ಬಂದ್ ಆಗಿತ್ತು. ನಮ್ಮ ಪಶುವೈದ್ಯ ಸದಸ್ಯರು ಎದ್ದು ಕಾಲುಬಾಯಿ ಜ್ವರದ ಬಗ್ಗೆ ಮಾತನಾಡಿದರು, ಸಭೆ ಉಳಿಯಿತು.

ಈಗ ಹಾಜರಿ 38ರಿಂದ 45ರವರೆಗೆ ಇರುತ್ತದೆ. ಬರುವ ಭಾನುವಾರ ಮದ್ದೂರು ಕಡೆಯಿಂದ ಎಳನೀರು ಕೆಡವಲು ಮರ ಹತ್ತುವವರೊಬ್ಬರು ಬರುತ್ತಿದ್ದಾರೆ. ಭಟ್ಟರಿಗೆ 50 ತಟ್ಟೆ ಹೇಳಿದ್ದೇನೆ.