ಲ್ಯಾಪ್‌ಟಾಪ್‌ನಲ್ಲಿ ಇ-ಸಿಮ್ ಇದೆಯಾ? ನಾನು ನೋಡಿದ್ದು ಹೀಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಮಳೆಗಾಲದಲ್ಲಿ ಅಡಿಕೆ ಮರ ಬಿದ್ದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ಇಂಟರ್ನೆಟ್ ಕೇಬಲ್. ಮನೆಯಲ್ಲೇ ಕೂತು ಕೆಲಸ ಮಾಡುವ ನನ್ನಂಥವರಿಗೆ ಆಗ ಫೋನಿನ ಹಾಟ್‌ಸ್ಪಾಟೇ ಗತಿ. ಆದರೆ ಕರೆಂಟಿಲ್ಲದ ದಿನ ಫೋನಿನ ಬ್ಯಾಟರಿ ಉಳಿಸಿಕೊಳ್ಳುವುದೂ ಮುಖ್ಯ ಅಲ್ವಾ? ಹಾಗಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗ ಟವರಿನಿಂದ ನೇರವಾಗಿ ನೆಟ್ ಹಿಡಿಯುವಂಥದ್ದೇ ಬೇಕು, ಅದರಲ್ಲೂ ಇ-ಸಿಮ್ (ಪ್ಲಾಸ್ಟಿಕ್ ಕಾರ್ಡಿಲ್ಲದೆ, ಒಳಗಿನ ಚಿಪ್ಪಿಗೇ ಇಳಿಸಿಕೊಳ್ಳುವ ಸಿಮ್) ಇರುವುದೇ ಬೇಕು ಎಂದು ಹೊರಟೆ.

ಅಂಗಡಿಯಲ್ಲಿ ಒಂದು ಮಾಡೆಲ್ ತೋರಿಸಿ "ಇದರಲ್ಲಿ ಸಿಮ್ ಸ್ಲಾಟ್ ಇದೆ, ಇ-ಸಿಮ್ಮೂ ಇರುತ್ತದೆ" ಎಂದರು. ಈ ಮಾತನ್ನು ಹಾಗೇ ನಂಬಬಾರದು. ಸಿಮ್ ಸ್ಲಾಟ್ ಬೇರೆ, ಟವರಿನ ಸಿಗ್ನಲ್ ಹಿಡಿಯುವ ಒಳಗಿನ ಮೋಡೆಮ್ ಬೇರೆ, ಇ-ಸಿಮ್ ಚಿಪ್ ಬೇರೆ. ಒಂದೇ ಮಾಡೆಲನ್ನು ಕಂಪೆನಿಗಳು ಮೋಡೆಮ್ ಹಾಕಿಯೂ ಮಾರುತ್ತವೆ, ಹಾಕದೆಯೂ ಮಾರುತ್ತವೆ. ವಿವರದಲ್ಲಿ 'ಡಬ್ಲ್ಯುವ್ಯಾನ್ ರೆಡಿ' (WWAN, ಅಂದರೆ ಟವರಿನ ನೆಟ್) ಎಂದಿದ್ದರೆ ಸಾಮಾನ್ಯವಾಗಿ ಆ್ಯಂಟೆನಾ ತಂತಿ, ಮೋಡೆಮ್ ಕಾರ್ಡಿಗೆ ಜಾಗ ಇವೆ ಎಂದಷ್ಟೇ ಅರ್ಥ. ಕಾರ್ಡನ್ನು ನಾವೇ ತಂದು ಹಾಕಬೇಕು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್) ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನು ಒಪ್ಪುವುದೂ ಇಲ್ಲ. ಅದಕ್ಕೇ ಮಾಡೆಲ್ ಹೆಸರು ನೋಡಿ ಹಣ ಕೊಡಬೇಡಿ, ಕೈಯಲ್ಲಿರುವ ಆ ಲ್ಯಾಪ್‌ಟಾಪನ್ನೇ ಆನ್ ಮಾಡಿಸಿ ನೋಡಿ ಎನ್ನುತ್ತೇನೆ.

ನಾನು ಮಾಡಿದ್ದು ಅದನ್ನೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್‌ಗೆ ಹೋದೆ. ಅಲ್ಲಿ ವೈಫೈ ಜೊತೆಗೆ 'ಸೆಲ್ಯುಲಾರ್' ಎಂಬ ಸಾಲು ಇದ್ದರೆ ವಿಂಡೋಸ್‌ಗೆ ಮೋಡೆಮ್ ಸಿಕ್ಕಿದೆ ಎಂದರ್ಥ. ಇಲ್ಲದಿದ್ದರೆ ಒಂದೋ ಮೋಡೆಮ್ಮೇ ಇಲ್ಲ, ಇಲ್ಲವೇ ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಇಲ್ಲ, ಅಥವಾ ಬಯೋಸ್‌ನಲ್ಲಿ ಆಫ್ ಮಾಡಿದ್ದಾರೆ. ಡಿವೈಸ್ ಮ್ಯಾನೇಜರ್‌ನ ನೆಟ್‌ವರ್ಕ್ ಅಡಾಪ್ಟರ್ಸ್ ಪಟ್ಟಿಯಲ್ಲಿ ಫೈಬೋಕಾಮ್, ಕ್ವೆಕ್ಟೆಲ್, ಸಿಯೆರಾ ವೈರ್‌ಲೆಸ್ ಇಂಥ ಮೋಡೆಮ್ ಕಂಪೆನಿಗಳ ಹೆಸರು ಇದೆಯೇ ಎಂದೂ ನೋಡಬೇಕು. ಹಳದಿ ಗುರುತಿನ ಅಪರಿಚಿತ ಸಾಧನ ಕಂಡರೆ ಡ್ರೈವರ್ ಹಾಕಿಸಿ ಮತ್ತೆ ನೋಡಿ.

ಸೆಲ್ಯುಲಾರ್ ಇದೆ ಎಂದ ಮಾತ್ರಕ್ಕೆ ಇ-ಸಿಮ್ ಇದೆ ಎಂದಲ್ಲ. ಆ ಪುಟದೊಳಗೆ ಇ-ಸಿಮ್ ಪ್ರೊಫೈಲ್‌ಗಳ ಆಯ್ಕೆ ಇರಬೇಕು. ನನಗೆ ಮೊದಲು ಅದು ಕಾಣಲಿಲ್ಲ. ಎರಡೂ ಬಗೆಯ ಸಿಮ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮೇಲೆ 'ಯೂಸ್ ದಿಸ್ ಸಿಮ್ ಫಾರ್ ಸೆಲ್ಯುಲಾರ್ ಡೇಟಾ' (ನೆಟ್‌ಗೆ ಯಾವ ಸಿಮ್ ಬಳಸಬೇಕು) ಎನ್ನುವ ಪಟ್ಟಿ ಇರುತ್ತದೆ, ಅದು ಪ್ಲಾಸ್ಟಿಕ್ ಸಿಮ್ ಮೇಲೆಯೇ ನಿಂತಿತ್ತು. ಇನ್ನೊಂದನ್ನು ಆರಿಸಿದ ಕೂಡಲೇ ಇ-ಸಿಮ್ ಆಯ್ಕೆ ಬಂತು! ಇಲ್ಲಿಗೆ ಬರುವ ಮೊದಲೇ ಎಷ್ಟು ಜನ 'ಇಲ್ಲ' ಎಂದು ಬಿಟ್ಟಿರಬಹುದೋ. ದಯವಿಟ್ಟು ಈ ಪಟ್ಟಿಯನ್ನು ಒಮ್ಮೆ ಬದಲಿಸಿ ನೋಡಿ.

ಕೊನೆಯ ಸಾಕ್ಷಿ ಇಐಡಿ. ಇದು ಇ-ಸಿಮ್ ಚಿಪ್ಪಿನ ಗುರುತು, 32 ಅಂಕಿ, 89ರಿಂದ ಶುರುವಾಗುತ್ತದೆ. ಐಎಂಇಐ 15 ಅಂಕಿಯದು, ಅದು ಮೋಡೆಮ್ಮಿನದು. ಸುಮ್ನೆ ಐಎಂಇಐ ತೋರಿಸಿ ಇ-ಸಿಮ್ ಇದೆ ಎಂದರೆ ಒಪ್ಪಬೇಡಿ. ಎರಡನ್ನೂ ನಾನು ಫೋಟೋ ತೆಗೆದಿಟ್ಟುಕೊಂಡೆ, ಆಮೇಲೆಯೇ ಹಣ ಕೊಟ್ಟೆ.

ಸಿಮ್ ಕಂಪೆನಿಯನ್ನು ಕೇಳುವಾಗ ಫೋನಿಗಲ್ಲ, ಲ್ಯಾಪ್‌ಟಾಪ್‌ಗೆ ಇ-ಸಿಮ್ ಕೊಡುತ್ತೀರಾ ಎಂದು ಬಿಡಿಸಿ ಕೇಳಿ. ಇಐಡಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಇರುವ ನಂಬರನ್ನೇ ಇ-ಸಿಮ್ ಮಾಡಿಸಿದರೆ ಫೋನಿನೊಳಗಿನ ಹಳೇ ಸಿಮ್ ನಿಂತುಹೋಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ಗೆ ಬೇರೆ ನಂಬರು ಒಳ್ಳೆಯದು. ಮನೆಯ ಯಾವ ಮೂಲೆಯಲ್ಲಿ ಯಾವ ಕಂಪೆನಿಗೆ ರೇಂಜ್ ಇದೆ ಎಂದು ಫೋನಿನಲ್ಲೇ ಮೊದಲು ನೋಡಿಕೊಳ್ಳಿ.

ಗಡಿ ಹತ್ತಿರದವರಿಗೆ ಇನ್ನೊಂದು ಮಾತು. ನಮ್ಮದು ಕೇರಳದ ಸಿಮ್, ಆದರೆ ಗುಡ್ಡದ ಮೇಲೆ ಕರ್ನಾಟಕದ ಟವರೂ ಸಿಗುತ್ತದೆ. ಲ್ಯಾಪ್‌ಟಾಪ್ ಅದನ್ನು ರೋಮಿಂಗ್ ಎಂದು ತಿಳಿದರೆ ರೇಂಜ್ ಪೂರ್ತಿ ಇದ್ದರೂ ನೆಟ್ ಬರುವುದಿಲ್ಲ. ಸೆಲ್ಯುಲಾರ್ ಪುಟದಲ್ಲೇ ಡೇಟಾ ರೋಮಿಂಗ್ ಆಯ್ಕೆ ಇದೆ, ಅದನ್ನು ಆನ್ ಮಾಡಿಡಿ.